ಮೊದಲ ಟೇಕ್‌ನಲ್ಲಿ ಉಳಿದ ದನಿ: ಜಾನ್ ಆಂಡರ್ಸನ್, ವ್ಯಾಂಗೆಲಿಸ್ ಮತ್ತು ‘ಶಾರ್ಟ್ ಸ್ಟೋರೀಸ್’

1974ರ ಬೇಸಿಗೆ. ಲಂಡನ್ನಿನ ‘ಯೆಸ್’ ಎಂಬ ರಾಕ್ ಬ್ಯಾಂಡಿಗೆ ಕೀಬೋರ್ಡ್ ನುಡಿಸುವವರು ಬೇಕಾಗಿದ್ದರು. ರಿಕ್ ವೇಕ್‌ಮನ್ ಆಗಷ್ಟೇ ಬ್ಯಾಂಡ್ ಬಿಟ್ಟಿದ್ದರು. ಗಾಯಕ ಜಾನ್ ಆಂಡರ್ಸನ್ ಅವರ ಮನಸ್ಸಿನಲ್ಲಿ ಒಂದು ಹೆಸರಿತ್ತು. ಅದು ಪ್ಯಾರಿಸ್ಸಿನಲ್ಲಿ ನೆಲೆಸಿದ್ದ ಗ್ರೀಕ್ ಸಂಗೀತಗಾರ ವ್ಯಾಂಗೆಲಿಸ್ ಅವರದು. ಅವರು ಬಂದರು. ಬ್ಯಾಂಡಿನ ಜೊತೆ ಕೂತು ನುಡಿಸಿ ನೋಡಿದರು. ಆದರೆ ಹೊಂದಲಿಲ್ಲ. ಆ ಜಾಗಕ್ಕೆ ಸ್ವಿಟ್ಜರ್ಲೆಂಡಿನ ಪ್ಯಾಟ್ರಿಕ್ ಮೊರಾಜ್ ಬಂದರು.

ಐದೂವರೆ ವರ್ಷ ಆದಮೇಲೆ, 1980ರ ಜನವರಿಯಲ್ಲಿ, ಅದೇ ಇಬ್ಬರ ಹೆಸರಿನಲ್ಲಿ ಒಂದು ಆಲ್ಬಂ ಹೊರಬಂತು. ಜೋಡಿಯ ಹೆಸರು ‘ಜಾನ್ ಅಂಡ್ ವ್ಯಾಂಗೆಲಿಸ್’. ಆಲ್ಬಂ ಹೆಸರು ‘ಶಾರ್ಟ್ ಸ್ಟೋರೀಸ್’. ಬ್ರಿಟನ್ನಿನ ಆಲ್ಬಂ ಪಟ್ಟಿಯಲ್ಲಿ ಅದು 4ನೇ ಸ್ಥಾನದವರೆಗೆ ಹೋಯಿತು. ಅದರ ‘ಐ ಹಿಯರ್ ಯೂ ನೌ’ ಹಾಡು ಸಿಂಗಲ್ಸ್, ಅಂದರೆ ಬಿಡಿ ಹಾಡುಗಳ, ಪಟ್ಟಿಯಲ್ಲಿ 8ನೇ ಸ್ಥಾನ ಮುಟ್ಟಿತು.

ಬ್ಯಾಂಡಿನಲ್ಲಿ ಹೊಂದದವರು ಒಂದು ಕೋಣೆಯಲ್ಲಿ ಹೇಗೆ ಹೊಂದಿದರು? ಈ ಪ್ರಶ್ನೆ ನನ್ನನ್ನು ಬಹಳ ದಿನ ಕಾಡಿದೆ. ಆಲ್ಬಮ್ಮನ್ನು ಎಷ್ಟೋ ಸಲ ಕೇಳಿದ್ದೇನೆ. ಕೇಳಿದಷ್ಟೂ ಒಂದು ಮಾತು ಗಟ್ಟಿಯಾಗುತ್ತಾ ಹೋಗಿದೆ. 1974ರಲ್ಲಿ ಯಾವ ಗುಣ ಅಡ್ಡ ಬಂತೋ, 1980ರಲ್ಲಿ ಆಲ್ಬಂ ನಿಂತದ್ದು ಅದೇ ಗುಣದ ಮೇಲೆ. ಆ ಗುಣ ಯಾವುದು, ಅದು ಹೇಗೆ ಕೆಲಸ ಮಾಡಿತು, ಎಲ್ಲಿ ಸೋತಿತು ಎಂದು ಇಲ್ಲಿ ನೋಡೋಣ.

ಇಬ್ಬರು ಬಂದ ದಾರಿ

ಜಾನ್ ಆಂಡರ್ಸನ್ ಹುಟ್ಟಿದ್ದು 1944ರಲ್ಲಿ, ಇಂಗ್ಲೆಂಡಿನ ಲ್ಯಾಂಕಶೈರ್‌ನ ಆಕ್ರಿಂಗ್ಟನ್ ಊರಿನಲ್ಲಿ. ದುಡಿಯುವ ಜನರ ಮನೆ. ಹಾಡುಗಾರನಾಗುವ ಮುಂಚೆ ಹೊಲದಲ್ಲಿ ದುಡಿದರು, ಮನೆಮನೆಗೆ ಹಾಲು ಹಾಕಿದರು, ಲಾರಿ ಓಡಿಸಿದರು. ಲಂಡನ್ನಿಗೆ ಬಂದಮೇಲೆ ಸೋಹೋದ ‘ಲಾ ಶಾಸ್’ ಎಂಬ ಕ್ಲಬ್ಬಿನಲ್ಲಿ ಕೆಲಸಕ್ಕಿದ್ದರು. ಬೇಸ್ ಗಿಟಾರ್ ನುಡಿಸುವ ಕ್ರಿಸ್ ಸ್ಕ್ವೈರ್ ಅವರ ಪರಿಚಯ ಆದದ್ದು ಅಲ್ಲೇ. 1968ರಲ್ಲಿ ಇಬ್ಬರೂ ಸೇರಿ ಯೆಸ್ ಕಟ್ಟಿದರು.

ಯೆಸ್ ಹಾಡುಗಳು ಪ್ರೋಗ್ರೆಸಿವ್ ರಾಕ್ ಎಂಬ ಜಾತಿಯವು. ರಾಕ್ ಸಂಗೀತವೇ, ಆದರೆ ಮೂರು ನಿಮಿಷದ ಹಾಡಿನ ಚೌಕಟ್ಟನ್ನು ಮುರಿದ ಸಂಗೀತ. ತಾಳ ಮಧ್ಯದಲ್ಲೇ ಬದಲಾಗುತ್ತದೆ. ಒಂದು ಹಾಡಿನೊಳಗೆ ನಾಲ್ಕೈದು ಭಾಗ ಇರುತ್ತವೆ. 1972ರ ‘ಕ್ಲೋಸ್ ಟು ದಿ ಎಡ್ಜ್’ ಆಲ್ಬಮ್ಮಿನ ಮೊದಲ ಹಾಡೇ 18 ನಿಮಿಷ ದಾಟುತ್ತದೆ. ಮರುವರ್ಷ ಬಂದ ‘ಟೇಲ್ಸ್ ಫ್ರಮ್ ಟೋಪೋಗ್ರಾಫಿಕ್ ಓಷನ್ಸ್’ ಎರಡು ತಟ್ಟೆಯ ಆಲ್ಬಂ. ಅದರಲ್ಲಿ ಇರುವುದು ಬರೀ ನಾಲ್ಕು ಹಾಡು! ನಮ್ಮ ಕಡೆಯ ಒಂದು ಎಳೆ ಅದರಲ್ಲಿ ಇದೆ. ಪರಮಹಂಸ ಯೋಗಾನಂದರ ಆತ್ಮಕಥೆಯಲ್ಲಿ ಶಾಸ್ತ್ರಗಳ ಬಗ್ಗೆ ಇದ್ದ ಒಂದು ಅಡಿಟಿಪ್ಪಣಿಯನ್ನು ಓದಿ ಆಂಡರ್ಸನ್ ಆ ಆಲ್ಬಂ ಯೋಚನೆ ಮಾಡಿದರು. ಅಡಿಟಿಪ್ಪಣಿಯಿಂದ ಎಂಬತ್ತು ನಿಮಿಷದ ಸಂಗೀತ ಮಾಡುವ ಮನುಷ್ಯನ ಒಳಗೆ ಎಂಥ ಹಸಿವು ಇರಬೇಕು, ಅಲ್ವಾ?

ಅವರ ದನಿ ಬಹಳ ಎತ್ತರದ್ದು. ಕಳ್ಳದನಿ ಹಾಡುತ್ತಾರೆ ಎಂದು ಹಲವರು ತಿಳಿಯುತ್ತಾರೆ. ಹಾಗಲ್ಲ, ಅದು ಅವರ ಸಹಜ ದನಿ. ಬೆಳ್ಳಿ ಲೋಟಕ್ಕೆ ಚಮಚ ತಾಗಿದ ಹಾಗೆ ಸ್ವಚ್ಛವಾಗಿ ಕೇಳಿಸುತ್ತದೆ. ಈ ದನಿಯೇ ಈ ಪ್ರಕರಣದ ಅರ್ಧ ವಿಷಯ.

ಇನ್ನರ್ಧ ವ್ಯಾಂಗೆಲಿಸ್. ಪೂರ್ತಿ ಹೆಸರು ಇವಾಂಗೆಲೋಸ್ ಒಡಿಸ್ಸೆಯಾಸ್ ಪಾಪಥನಾಸಿಯು. ಹುಟ್ಟಿದ್ದು 1943ರಲ್ಲಿ, ಗ್ರೀಸಿನ ವೋಲೋಸ್ ಪಟ್ಟಣದ ಪಕ್ಕದ ಆಗ್ರಿಯಾದಲ್ಲಿ. ತೀರಾ ಚಿಕ್ಕ ವಯಸ್ಸಿನಲ್ಲೇ ಪಿಯಾನೋ ಮೇಲೆ ಕೈಯಾಡಿಸುತ್ತಾ ತಾವೇ ಕಲಿತರು. ಸ್ವರಲಿಪಿ ಓದುವುದನ್ನು ಕಲಿಯಲಿಲ್ಲ, ಬರೆಯುವುದನ್ನೂ ಕಲಿಯಲಿಲ್ಲ. 1968ರಲ್ಲಿ ಪ್ಯಾರಿಸ್ಸಿಗೆ ಹೋಗಿ, ಡೆಮಿಸ್ ರೂಸೋಸ್ ಮೊದಲಾದ ಗೆಳೆಯರ ಜೊತೆ ‘ಅಫ್ರೋಡೈಟ್ಸ್ ಚೈಲ್ಡ್’ ಬ್ಯಾಂಡಿನಲ್ಲಿ ಹೆಸರು ಮಾಡಿದರು. ‘ರೇನ್ ಅಂಡ್ ಟಿಯರ್ಸ್’ ಯುರೋಪಿನ ತುಂಬಾ ಓಡಿದ ಹಾಡು. 1972ರಲ್ಲಿ ‘666’ ಎಂಬ ದೊಡ್ಡ ಆಲ್ಬಂ ಹೊರಬರುವ ಹೊತ್ತಿಗೆ ಆ ಬ್ಯಾಂಡು ಒಡೆದುಹೋಗಿತ್ತು. ಹಿಟ್ ಹಾಡುಗಳನ್ನೇ ಮತ್ತೆ ಮತ್ತೆ ನುಡಿಸುವ ಬದುಕು ಅವರಿಗೆ ಬೇಡವಾಗಿತ್ತು. ಫ್ರೆಡರಿಕ್ ರೋಸಿಫ್ ಎಂಬ ನಿರ್ದೇಶಕರು ಪ್ರಾಣಿಗಳ ಬಗ್ಗೆ ಸಾಕ್ಷ್ಯಚಿತ್ರ ಮಾಡುತ್ತಿದ್ದರು. ಅವಕ್ಕೆ ಸಂಗೀತ ಕೊಡುತ್ತಾ ವ್ಯಾಂಗೆಲಿಸ್ ತಮ್ಮ ದಾರಿ ಕಂಡುಕೊಂಡರು. ಆಂಡರ್ಸನ್ ಅವರಿಗೆ ವ್ಯಾಂಗೆಲಿಸ್ ಹುಚ್ಚು ಹಿಡಿದದ್ದು ಆ ಸಂಗೀತದಿಂದಲೇ.

ಆಂಡರ್ಸನ್ ಕೂಡ ಶಾಲೆಯಲ್ಲಿ ಕೂತು ಸಂಗೀತ ಕಲಿತವರಲ್ಲ. ಇದು ಸಣ್ಣ ವಿವರ ಅನ್ನಿಸಬಹುದು, ಆದರೆ ಮುಂದಿನದೆಲ್ಲ ಇದರ ಮೇಲೆ ನಿಂತಿದೆ. ಕಾಗದದ ಮೇಲೆ ಸ್ವರ ಬರೆದು ಒಬ್ಬರಿಗೊಬ್ಬರು ಕಳಿಸುವ ದಾರಿ ಇವರಿಗೆ ಇರಲೇ ಇಲ್ಲ. ಜೊತೆಗೆ ಸಂಗೀತ ಮಾಡಬೇಕು ಅಂದರೆ ಒಂದೇ ಕೋಣೆಯಲ್ಲಿ, ಒಂದೇ ಹೊತ್ತಿನಲ್ಲಿ ಇರಲೇಬೇಕಿತ್ತು.

1974ರಲ್ಲಿ ಯಾಕೆ ಹೊಂದಲಿಲ್ಲ

ಯೆಸ್ ಐದು ಜನರ ಬ್ಯಾಂಡು. ಐವರಿಗೂ ಬಲವಾದ ಅಭಿಪ್ರಾಯ ಇತ್ತು. ಸ್ಟೀವ್ ಹೌ ಅವರ ಗಿಟಾರ್ ಒಂದು ಕಡೆ ಹೋಗುತ್ತದೆ. ಸ್ಕ್ವೈರ್ ಅವರ ಬೇಸ್ ಸುಮ್ನೆ ಕೆಳಗೆ ಕೂರುವುದಿಲ್ಲ, ಅದೂ ಮೇಲೆದ್ದು ರಾಗ ಹಾಡುತ್ತದೆ. ಇವುಗಳ ನಡುವೆ ಕೀಬೋರ್ಡಿಗೆ ಒಂದು ಪಾಲು, ದನಿಗೆ ಒಂದು ಪಾಲು. ಒಂದೊಂದು ಸಾಲೂ ಚರ್ಚೆಯಾಗಿ, ತಿದ್ದಿ, ತುಂಡು ತುಂಡಾಗಿ ರೆಕಾರ್ಡ್ ಆಗಿ, ಆಮೇಲೆ ಟೇಪ್ ಕತ್ತರಿಸಿ ಜೋಡಿಸಿದ ಮೇಲೆ ಹಾಡಾಗುತ್ತಿತ್ತು. ‘ಕ್ಲೋಸ್ ಟು ದಿ ಎಡ್ಜ್’ ರೆಕಾರ್ಡಿಂಗ್ ಮುಗಿದ ಕೂಡಲೇ ಡ್ರಮ್ಮರ್ ಬಿಲ್ ಬ್ರೂಫೋರ್ಡ್ ಬ್ಯಾಂಡ್ ಬಿಟ್ಟು ಕಿಂಗ್ ಕ್ರಿಮ್ಸನ್ ಎಂಬ ಇನ್ನೊಂದು ಬ್ಯಾಂಡ್ ಸೇರಿದರು. ಅಷ್ಟು ಒಳ್ಳೆಯ ಆಲ್ಬಂ ಮಾಡಿಯೂ ದಣಿವು ಅಷ್ಟಿತ್ತು.

ಈ ವ್ಯವಸ್ಥೆಯೊಳಗೆ ವ್ಯಾಂಗೆಲಿಸ್ ಅವರನ್ನು ಕೂರಿಸಿ ನೋಡಿ. ಅವರು ಒಬ್ಬರೇ ಒಂದು ವಾದ್ಯವೃಂದ. ಎರಡು ಕೈ, ಎರಡು ಕಾಲು, ಸುತ್ತಲೂ ಕೀಬೋರ್ಡು, ಕೆಳಗೆ ಪೆಡಲ್ಲುಗಳು. ಡ್ರಮ್ಮನ್ನೂ ತಾವೇ ನುಡಿಸುತ್ತಾರೆ. ಅವರು ನುಡಿಸಲು ಶುರು ಮಾಡಿದರೆ ಗಿಟಾರಿಗೆ ಎಲ್ಲಿ ಜಾಗ ಉಳಿಯಬೇಕು? ಇದಕ್ಕಿಂತ ದೊಡ್ಡದು ಇನ್ನೊಂದು. ಅವರು ನುಡಿಸುವುದು ಆ ಗಳಿಗೆಯಲ್ಲಿ ಹೊಳೆದದ್ದನ್ನು. ನಾಳೆ ಅದನ್ನೇ ನುಡಿಸಿ ಅಂದರೆ ಅದು ಅವರ ಕೆಲಸವೇ ಅಲ್ಲ. ಯೆಸ್ ಬ್ಯಾಂಡಿಗೋ ವರ್ಷದಲ್ಲಿ ಹಲವು ತಿಂಗಳು ಊರೂರು ಸುತ್ತಿ, ಪ್ರತಿ ರಾತ್ರಿ ಆ ಇಪ್ಪತ್ತು ನಿಮಿಷದ ಹಾಡನ್ನು ಅಳತೆ ತಪ್ಪದೆ ನುಡಿಸುವವರು ಬೇಕಿತ್ತು. ಪ್ರವಾಸವೂ ವ್ಯಾಂಗೆಲಿಸ್ ಅವರಿಗೆ ಇಷ್ಟದ ವಿಷಯ ಅಲ್ಲ.

ಹಾಗಾಗಿ ಅವರು ಆಯ್ಕೆಯಾಗದಿದ್ದದ್ದು ಸರಿಯೇ ಇತ್ತು ಅಂತ ನನಗೆ ಅನ್ನಿಸುತ್ತದೆ. ಯಾರ ತಪ್ಪೂ ಇಲ್ಲ. ಮೊರಾಜ್ ಜೊತೆ ಯೆಸ್ ಮಾಡಿದ ‘ರಿಲೇಯರ್’ ತನ್ನ ರೀತಿಯಲ್ಲಿ ಬೆಂಕಿಯಂಥ ಆಲ್ಬಂ. ಆದರೆ ಆಂಡರ್ಸನ್ ಈ ಗೆಳೆತನವನ್ನು ಅಲ್ಲಿಗೆ ಬಿಡಲಿಲ್ಲ. ಕೆಲಸ ಕೈಗೂಡದಿದ್ದರೂ ಸಂಬಂಧ ಉಳಿಯಿತು. ಈ ಕಥೆಯಲ್ಲಿ ನನಗೆ ತುಂಬಾ ಹಿಡಿಸುವ ಸಂಗತಿ ಇದು.

ನೀಮೋ ಎಂಬ ಕೋಣೆ

ವ್ಯಾಂಗೆಲಿಸ್ ಲಂಡನ್ನಿನಲ್ಲೇ ಉಳಿದರು. ಮಾರ್ಬಲ್ ಆರ್ಚ್ ಹತ್ತಿರ ಸ್ವಂತ ಸ್ಟುಡಿಯೋ ಮಾಡಿಕೊಂಡರು. ಹೆಸರು ‘ನೀಮೋ’. 1975ರಿಂದ 1987ರವರೆಗೆ ಅವರ ಸಂಗೀತ ಹುಟ್ಟಿದ್ದು ಅಲ್ಲೇ. ‘ಚಾರಿಯಟ್ಸ್ ಆಫ್ ಫೈರ್’ ಚಿತ್ರದ ಆ ಓಟದ ಸಂಗೀತ ಗೊತ್ತಲ್ವಾ, ಅದೂ ಅಲ್ಲಿನದೇ. ‘ಬ್ಲೇಡ್ ರನ್ನರ್’ ಚಿತ್ರದ್ದೂ ಅಲ್ಲಿನದೇ.

ಬಾಡಿಗೆ ಸ್ಟುಡಿಯೋಗೂ ಸ್ವಂತ ಸ್ಟುಡಿಯೋಗೂ ಇರುವ ವ್ಯತ್ಯಾಸ ದುಡ್ಡಿನದು ಮಾತ್ರ ಅಲ್ಲ. ಬಾಡಿಗೆ ಸ್ಟುಡಿಯೋದಲ್ಲಿ ಗಡಿಯಾರ ಓಡುತ್ತಿರುತ್ತದೆ. ವಾದ್ಯ ತರಬೇಕು, ವೈರ್ ಚುಚ್ಚಬೇಕು, ಮೈಕ್ ಇಡಬೇಕು, ಶ್ರುತಿ ಮಾಡಬೇಕು. ಅಷ್ಟರಲ್ಲಿ ಮನಸ್ಸಿನಲ್ಲಿದ್ದ ರಾಗ ಆರಿಹೋಗಿರುತ್ತದೆ. ನೀಮೋದಲ್ಲಿ ವಾದ್ಯಗಳು ಕೈಗೆಟಕುವ ಹಾಗೆ ಸಿದ್ಧವಾಗಿ ಇರುತ್ತಿದ್ದವು. ಹೊಳೆದ ಗಳಿಗೆಗೂ ಟೇಪಿಗೂ ನಡುವೆ ಅಡ್ಡಿ ಇರಬಾರದು ಎಂಬುದು ವ್ಯಾಂಗೆಲಿಸ್ ಅವರ ಹಟ. ಒಲೆ ಆರದ ಅಡುಗೆಮನೆ ಇದ್ದ ಹಾಗೆ. ಯಾರು ಯಾವಾಗ ಬಂದರೂ ಒಗ್ಗರಣೆ ಹಾಕುವುದಷ್ಟೇ ಬಾಕಿ.

ಆ ಸ್ಟುಡಿಯೋದ ಮೊದಲ ಆಲ್ಬಂ 1975ರ ‘ಹೆವನ್ ಅಂಡ್ ಹೆಲ್’. ವಾದ್ಯಗಳೂ ಕೋರಸ್ಸೂ ತುಂಬಿದ ಅಬ್ಬರದ ಸಂಗೀತ. ಅದರ ಮೊದಲ ಭಾಗ ಮುಗಿಯುವ ಹೊತ್ತಿಗೆ ಎಲ್ಲಾ ಅಬ್ಬರ ನಿಲ್ಲುತ್ತದೆ. ನಿಧಾನವಾದ ಕೀಬೋರ್ಡು. ಅದರ ಮೇಲೆ ಆಂಡರ್ಸನ್ ದನಿ. ಹಾಡು ‘ಸೋ ಲಾಂಗ್ ಅಗೋ, ಸೋ ಕ್ಲಿಯರ್’. ಸುಮಾರು ಐದು ನಿಮಿಷ. ಈ ಇಬ್ಬರು ಸೇರಿ ಹೊರತಂದ ಮೊದಲ ಹಾಡು ಇದು. ಯೆಸ್ ಹಾಡುಗಳಲ್ಲಿ ಆ ದನಿ ಸಂದಿ ಹುಡುಕಿಕೊಂಡು ನುಗ್ಗುತ್ತದೆ. ಇಲ್ಲಿ ಅದಕ್ಕೆ ಅಂಗಳವೇ ಸಿಕ್ಕಿದೆ. ಒಂದು ಸ್ವರ ಹಿಡಿದು ನಿಲ್ಲಬಹುದು. ಉಸಿರು ಕೇಳಿಸುವಷ್ಟು ಮೆಲ್ಲಗೆ ಹಾಡಬಹುದು. 1980ರ ಆಲ್ಬಮ್ಮಿನ ಬೀಜ ಪೂರ್ತಿಯಾಗಿ ಇಲ್ಲಿದೆ.

ವಾದ್ಯದ ಬಗ್ಗೆಯೂ ಹೇಳಲೇಬೇಕು. 1970ರ ದಶಕದ ಕೊನೆಯ ಹೊತ್ತಿಗೆ ವ್ಯಾಂಗೆಲಿಸ್ ಕೈಗೆ ಯಮಹಾ ಸಿಎಸ್-80 ಸಿಂಥಸೈಜರ್, ಅಂದರೆ ವಿದ್ಯುತ್ತಿನಿಂದ ನಾದ ಹುಟ್ಟಿಸುವ ಕೀಬೋರ್ಡ್, ಬಂದಿತ್ತು. ತೂಕ ಸುಮಾರು 100 ಕಿಲೋ, ಎತ್ತಲು ಒಬ್ಬರಿಂದ ಆಗದು. ಒಂದೇ ಸಲಕ್ಕೆ ಎಂಟು ಸ್ವರ ಹೊಮ್ಮಿಸುತ್ತದೆ. ಅದರ ವಿಶೇಷ ಇರುವುದು ಕೀಲಿಗಳಲ್ಲಿ. ಒತ್ತಿದ ಮೇಲೂ ಬೆರಳಿನ ಭಾರವನ್ನು ಅದು ಗಮನಿಸುತ್ತಿರುತ್ತದೆ. ಅದೂ ಒಂದೊಂದು ಕೀಲಿಗೆ ಬೇರೆ ಬೇರೆ. ನಾಲ್ಕು ಸ್ವರ ಹಿಡಿದು, ಅದರಲ್ಲಿ ಒಂದೇ ಒಂದರ ಮೇಲೆ ಬೆರಳು ಸ್ವಲ್ಪ ಒತ್ತಿದರೆ ಅದೊಂದು ಮಾತ್ರ ನಡುಗುತ್ತದೆ ಅಥವಾ ಹೊಳೆಯುತ್ತದೆ. ಕೀಲಿಗಳ ಮೇಲ್ಭಾಗದಲ್ಲಿ ಒಂದು ಪಟ್ಟಿ ಇದೆ. ಅದರ ಮೇಲೆ ಬೆರಳು ಜಾರಿಸಿದರೆ ಸ್ವರ ಜಾರುತ್ತದೆ. ಹಾರ್ಮೋನಿಯಂನಲ್ಲಿ ಗಮಕ ಬರುವುದಿಲ್ಲ ಎಂದು ನಮ್ಮಲ್ಲಿ ಎಷ್ಟು ಜಗಳ ಆಗಿದೆ! ಕೀಲಿ ಇರುವ ವಾದ್ಯದಲ್ಲಿ ಸ್ವರವನ್ನು ಹೀಗೆ ಬಳುಕಿಸಬಹುದು ಎಂದು ಮೊದಲ ಸಲ ಓದಿದಾಗ ನನಗೆ ರೋಮಾಂಚನವಾಗಿತ್ತು.

ಆ ಕಾಲದ ಹಿಟ್ ಪಟ್ಟಿಯಲ್ಲಿ ಸಿಂಥಸೈಜರ್ ಹೊಸದೇನೂ ಅಲ್ಲ. 1979ರಲ್ಲೇ ಗ್ಯಾರಿ ನ್ಯೂಮನ್ ಅದೇ ವಾದ್ಯದಿಂದ ಬ್ರಿಟನ್ನಿನಲ್ಲಿ ಎರಡು ಸಲ ಮೊದಲ ಸ್ಥಾನ ಹಿಡಿದಿದ್ದರು. ಆದರೆ ಅಲ್ಲಿ ಯಂತ್ರದ ತಣ್ಣನೆಯ ಭಾವವೇ ಚೆಂದ. ವ್ಯಾಂಗೆಲಿಸ್ ಕೈಯಲ್ಲಿ ಅದೇ ಯಂತ್ರ ಉಸಿರಾಡುತ್ತಿತ್ತು. ಆಂಡರ್ಸನ್ ಅವರಂಥ ಗಾಯಕನಿಗೆ ಬೇಕಾಗಿದ್ದು ಇದೇ.

ಹಾಡು ಆಗುತ್ತಿದ್ದ ರೀತಿ

‘ಶಾರ್ಟ್ ಸ್ಟೋರೀಸ್’ ಹುಟ್ಟಿದ್ದು ನೀಮೋದಲ್ಲೇ. ಹತ್ತು ಹಾಡುಗಳು. ಸಂಗೀತ ವ್ಯಾಂಗೆಲಿಸ್ ಅವರದು, ಮಾತು ಆಂಡರ್ಸನ್ ಅವರದು. ಕಾಗದದ ಮೇಲೆ ಹೀಗೆ ಪಾಲು ಮಾಡಿದ್ದರೂ ಕೋಣೆಯಲ್ಲಿ ಆದದ್ದು ಬೇರೆ. ಆಂಡರ್ಸನ್ ಸಂದರ್ಶನಗಳಲ್ಲಿ ಇದನ್ನು ಹಲವು ಸಲ ಹೇಳಿಕೊಂಡಿದ್ದಾರೆ. ಇವರು ಹೋಗುತ್ತಿದ್ದರು, ಅವರು ನುಡಿಸಲು ಶುರು ಮಾಡುತ್ತಿದ್ದರು, ಇವರು ಮೈಕ್ ಮುಂದೆ ನಿಂತು ಅಲ್ಲೇ ಹಾಡಿಬಿಡುತ್ತಿದ್ದರು. ಮಾತೂ ಅಲ್ಲೇ ಹುಟ್ಟುತ್ತಿತ್ತು. ಬಹಳ ಕಡೆ ಮೊದಲ ಟೇಕ್ ಅನ್ನೇ, ಅಂದರೆ ಮೊದಲ ಸಲ ಹಾಡಿ ರೆಕಾರ್ಡ್ ಆದದ್ದನ್ನೇ, ಉಳಿಸಿಕೊಂಡರು.

ಕಚೇರಿ ಕೇಳಿ ಬೆಳೆದವರಿಗೆ ಇದು ತೀರಾ ಹೊಸದಲ್ಲ. ಆಲಾಪನೆ, ನೆರವಲ್, ಕಲ್ಪನಾಸ್ವರ ಎಲ್ಲಾ ಆ ಗಳಿಗೆಯ ಮನೋಧರ್ಮವೇ. ಆದರೆ ಒಂದು ವ್ಯತ್ಯಾಸ ಇದೆ. ಕಚೇರಿಯಲ್ಲಿ ಹಾಡುವವರು ಮುಂದೆ, ಪಿಟೀಲು ಹಿಂದೆ. ಗಾಯಕರು ಒಂದು ಸಂಚಾರ ಹಾಡಿದರೆ ಪಿಟೀಲು ಅದನ್ನು ನೆರಳಿನ ಹಾಗೆ ಹಿಂಬಾಲಿಸುತ್ತದೆ. ನೀಮೋದಲ್ಲಿ ಇದು ತಿರುಗಿದೆ. ಕೀಬೋರ್ಡು ದಾರಿ ತೋರುತ್ತದೆ, ದನಿ ಹಿಂದೆ ಹೋಗುತ್ತದೆ. ಗಾಯಕನಿಗೆ ಮುಂದಿನ ಸ್ವರಮೇಳ ಯಾವುದೆಂದು ಗೊತ್ತಿಲ್ಲ. ಕಿವಿ ಪೂರ್ತಿ ತೆರೆದಿರಬೇಕು.

ಆಲ್ಬಂ ಕೇಳುವಾಗ ಈ ಕಾಯುವಿಕೆ ನಮಗೂ ತಾಗುತ್ತದೆ. ಒಂದು ಸಾಲು ಮುಗಿಯುತ್ತದೆ. ದನಿ ಸುಮ್ಮನಾಗುತ್ತದೆ. ಕೀಬೋರ್ಡು ಎತ್ತ ತಿರುಗುತ್ತದೆ ಎಂದು ನೋಡಿಕೊಂಡು ಮತ್ತೆ ಏಳುತ್ತದೆ. ಎಲ್ಲಾ ಮೊದಲೇ ಬರೆದು ಹಾಡಿದ ಹಾಡಿನಲ್ಲಿ ಈ ಬಗೆಯ ಮೌನ ಸಿಗುವುದು ಕಷ್ಟ. ಬರೆದಿಟ್ಟವರಿಗೆ ಮುಂದಿನದು ಗೊತ್ತಿರುತ್ತದಲ್ಲ.

ಮಾತಿನ ವಿಷಯಕ್ಕೆ ಬರೋಣ. ಆಂಡರ್ಸನ್ ಯೆಸ್ ಕಾಲದಿಂದಲೂ ಶಬ್ದದ ನಾದಕ್ಕೆ ಬೆಲೆ ಕೊಟ್ಟವರು. ಅರ್ಥ ಆಮೇಲೆ ಬಂದರೆ ಬರಲಿ ಎನ್ನುವ ಪೈಕಿ. ಇದನ್ನು ಕೊರತೆ ಎಂದು ಟೀಕಿಸಿದವರು ಬಹಳ. ಆದರೆ ನಮ್ಮ ಜನಪದ ಹಾಡುಗಳಲ್ಲಿ ‘ತಂದನಾನ’ಕ್ಕೆ ಯಾರು ಅರ್ಥ ಕೇಳಿದರು? ಸೊಲ್ಲು ಸಿಕ್ಕರೆ ಹಾಡು ನಡೆಯುತ್ತದೆ. ಅಲ್ಲೇ ಹಾಡು ಕಟ್ಟುವವನಿಗೆ ಇದೊಂದು ಆಧಾರ. ಮುಂದಿನ ಆಲ್ಬಮ್ಮಿನ ‘ಸ್ಟೇಟ್ ಆಫ್ ಇಂಡಿಪೆಂಡೆನ್ಸ್’ ಹಾಡಿನಲ್ಲಿ ಇಂಥ ಅರ್ಥವಿಲ್ಲದ ಸೊಲ್ಲೇ ಹಾಡಿನ ಜೀವ. ಅದು ಬಂದ ಕೂಡಲೇ ಮೈ ತೂಗುತ್ತದೆ.

ಈಗ ಮೊದಲು ಹೇಳಿದ ಆ ಗುಣದ ಹೆಸರು ಹೇಳಬಹುದು. ತಿದ್ದದೆ ಬಿಡುವ ಧೈರ್ಯ. ಐದು ಜನರ ನಡುವೆ ಇದು ನಡೆಯುವುದಿಲ್ಲ. ಒಬ್ಬರಲ್ಲ ಒಬ್ಬರು ‘ಇನ್ನೊಂದು ಸಲ ನೋಡೋಣ’ ಅಂದೇ ಅನ್ನುತ್ತಾರೆ, ಮತ್ತು ಅದು ತಪ್ಪಲ್ಲ. ಇಬ್ಬರೇ ಇದ್ದಾಗ, ಇಬ್ಬರಿಗೂ ಸರಿ ಅನ್ನಿಸಿದರೆ ಮುಗಿಯಿತು. ಇವರು ಅವರ ಸ್ವರ ಮುಟ್ಟಲಿಲ್ಲ. ಅವರು ಇವರ ಮಾತು ಮುಟ್ಟಲಿಲ್ಲ. ವ್ಯಾಂಗೆಲಿಸ್ ಅವರನ್ನು ಯೆಸ್ ಬ್ಯಾಂಡಿಗೆ ಹೊಂದದಂತೆ ಮಾಡಿದ್ದು ಇದೇ ಸ್ವಭಾವ. ಆಂಡರ್ಸನ್ ದನಿಯನ್ನು ಬಿಚ್ಚಿದ್ದೂ ಇದೇ.

ಹೊರಗೆ ನಡೆಯುತ್ತಿದ್ದದ್ದು

ಇದೇ ಕಾಲಕ್ಕೆ ಯೆಸ್ ಕಷ್ಟದಲ್ಲಿತ್ತು. 1977ರಲ್ಲಿ ‘ವಂಡರಸ್ ಸ್ಟೋರೀಸ್’ ಹಾಡು ಬ್ರಿಟನ್ನಿನಲ್ಲಿ 7ನೇ ಸ್ಥಾನಕ್ಕೆ ಹೋಗಿತ್ತು ನಿಜ. ಆದರೆ ಪಂಕ್ ಎಂಬ ಒರಟು, ಚುಟುಕು ಹಾಡುಗಳ ರಾಕ್ ಬಂದು ಉದ್ದುದ್ದ ಹಾಡುಗಳ ಕಾಲ ಮುಗಿಯಿತು ಎಂಬ ಗಾಳಿ ಬೀಸುತ್ತಿತ್ತು. 1978ರ ‘ಟೊರ್ಮ್ಯಾಟೊ’ ಆಲ್ಬಂ ಬ್ಯಾಂಡಿನೊಳಗೇ ಸಮಾಧಾನ ತರಲಿಲ್ಲ. 1979ರ ಕೊನೆಯಲ್ಲಿ ನಿರ್ಮಾಪಕ ರಾಯ್ ಥಾಮಸ್ ಬೇಕರ್ ಜೊತೆ ಪ್ಯಾರಿಸ್ಸಿನಲ್ಲಿ ಹೊಸ ಆಲ್ಬಂ ಶುರುವಾಯಿತು, ಅರ್ಧಕ್ಕೇ ನಿಂತಿತು. ಡ್ರಮ್ಮರ್ ಅಲನ್ ವೈಟ್ ರೋಲರ್ ಸ್ಕೇಟಿಂಗ್ ಮಾಡುವಾಗ ಕಾಲು ಮುರಿದುಕೊಂಡರು. 1980ರಲ್ಲಿ ಆಂಡರ್ಸನ್ ಮತ್ತು ಅಷ್ಟರೊಳಗೆ ಬ್ಯಾಂಡಿಗೆ ಮರಳಿದ್ದ ವೇಕ್‌ಮನ್ ಇಬ್ಬರೂ ಹೊರನಡೆದರು.

ಇಲ್ಲಿ ಒಂದು ವಿಚಿತ್ರ ತಿರುವು ಇದೆ. ಆಂಡರ್ಸನ್ ಜಾಗಕ್ಕೆ ಯೆಸ್ ಕರೆತಂದದ್ದು ಯಾರನ್ನು? ‘ಬಗಲ್ಸ್’ ಜೋಡಿಯನ್ನು. ಟ್ರೆವರ್ ಹಾರ್ನ್ ಮತ್ತು ಜೆಫ್ ಡೌನ್ಸ್. 1979ರಲ್ಲಿ ‘ವಿಡಿಯೋ ಕಿಲ್ಡ್ ದಿ ರೇಡಿಯೋ ಸ್ಟಾರ್’ ಹಾಡಿನಿಂದ ಮೊದಲ ಸ್ಥಾನ ಹಿಡಿದ, ಸಿಂಥಸೈಜರ್ ಪಾಪ್ ಹಾಡುಗಳ ಜೋಡಿ. ಅಂದರೆ ಗಾಯಕ ಒಬ್ಬ ಎಲೆಕ್ಟ್ರಾನಿಕ್ ಸಂಗೀತಗಾರನ ಜೊತೆ ಹೋದರು, ಬ್ಯಾಂಡೂ ಎಲೆಕ್ಟ್ರಾನಿಕ್ ಸಂಗೀತದವರನ್ನೇ ಒಳಗೆ ಕರೆದುಕೊಂಡಿತು. ಇಬ್ಬರಿಗೂ ಕಾಲ ಎತ್ತ ಹೊರಟಿದೆ ಎಂದು ಗೊತ್ತಾಗಿತ್ತು. ಒಂದೇ ಮನೆಯಲ್ಲಿದ್ದು ಆ ಕಡೆ ಹೋಗಲು ಮಾತ್ರ ಆಗಲಿಲ್ಲ.

ಎಲ್ಲಿ ಸಡಿಲ

ಈ ಆಲ್ಬಂ ಮೇಲೆ ನನಗೆ ಪ್ರೀತಿ ಇದೆ. ಅದಕ್ಕೇ ಅದರ ಸಡಿಲ ಜಾಗಗಳನ್ನೂ ಹೇಳಬೇಕು. ಮೊದಲ ಟೇಕ್ ಉಳಿಸಿಕೊಂಡರೆ ಅದರ ಬಿಸಿಯ ಜೊತೆ ಅದರ ಹಸಿತನವೂ ಉಳಿಯುತ್ತದೆ. ಕೆಲವು ಹಾಡು ಎಲ್ಲಿಗೋ ಹೊರಟು ದಾರಿ ಮರೆತ ಹಾಗೆ ನಿಲ್ಲುತ್ತವೆ. ಕೆಲವು ಕಡೆ ಮಾತು ತೆಳು. ಪ್ರೀತಿ, ಬೆಳಕು, ದಾರಿ ಎಂಬ ಪದಗಳು ಸುತ್ತಿ ಸುತ್ತಿ ಬರುತ್ತವೆ. ‘ಬರ್ಡ್ ಸಾಂಗ್’ ಒಂದೂವರೆ ನಿಮಿಷದಲ್ಲೇ ಮುಗಿದುಹೋಗುತ್ತದೆ. ಇನ್ನೂ ಬೇಕಿತ್ತು ಅನ್ನಿಸುವಾಗಲೇ ಇಲ್ಲ. ಇನ್ನೊಂದು ಕೊನೆಯಲ್ಲಿ ‘ಎ ಪ್ಲೇ ವಿದಿನ್ ಎ ಪ್ಲೇ’ ಏಳು ನಿಮಿಷ. ಸಂಜೆ ಹೊತ್ತು, ಬೇರೆ ಕೆಲಸ ಇಲ್ಲದಾಗ ಕೇಳಿದರೆ ಅದು ಒಳಗೆ ಇಳಿಯುತ್ತದೆ. ಬಸ್ಸಿನಲ್ಲಿ ಕೇಳಿದರೆ ಕೈತಪ್ಪಿ ಹೋಗುತ್ತದೆ.

ಯೆಸ್ ಅಭಿಮಾನಿಗಳಿಗೆ ಗಿಟಾರ್ ಇಲ್ಲದ್ದು ಒಂದು ಕೊರತೆ ಅನ್ನಿಸಿದರೆ ಆಶ್ಚರ್ಯ ಇಲ್ಲ. ದನಿಗೆ ಎದುರಾಡುವವರು ಇಲ್ಲಿ ಯಾರೂ ಇಲ್ಲ. ಎದುರು ದನಿ ಇಲ್ಲದಾಗ ಗಾಯಕ ಕೆಲವೊಮ್ಮೆ ತನ್ನ ಸಿಹಿಯಲ್ಲೇ ಮುಳುಗುತ್ತಾನೆ. ಈ ಮಾತನ್ನು ನಾನೂ ಒಪ್ಪುತ್ತೇನೆ.

ಆಮೇಲೆ

ಮರುವರ್ಷ, 1981ರಲ್ಲಿ, ‘ದಿ ಫ್ರೆಂಡ್ಸ್ ಆಫ್ ಮಿಸ್ಟರ್ ಕೈರೋ’ ಬಂತು. ಹೆಸರಿನ ಹಾಡು ಹನ್ನೆರಡು ನಿಮಿಷದ್ದು. 1930 ಮತ್ತು 40ರ ದಶಕದ ಹಾಲಿವುಡ್ಡಿಗೆ ಬರೆದ ಪ್ರೇಮಪತ್ರ ಅದು. ‘ದಿ ಮಾಲ್ಟೀಸ್ ಫಾಲ್ಕನ್’ ಚಿತ್ರದ ಒಂದು ಪಾತ್ರದಿಂದ ಹೆಸರು ತೆಗೆದುಕೊಂಡಿದ್ದಾರೆ. ಹಾಡಿನ ನಡುವೆ ಹಂಫ್ರಿ ಬೊಗಾರ್ಟ್, ಪೀಟರ್ ಲೋರ್ ದನಿಗಳ ಅನುಕರಣೆ ಬರುತ್ತದೆ. ಇದು ಅಲ್ಲೇ ಹುಟ್ಟಿ ಅಲ್ಲೇ ಮುಗಿದ ಹಾಡಲ್ಲ. ಯೋಚಿಸಿ ಜೋಡಿಸಿದ್ದು. ‘ಶಾರ್ಟ್ ಸ್ಟೋರೀಸ್’ನಲ್ಲಿ ಕಂಡುಕೊಂಡ ಸಲುಗೆಗೆ ಇಲ್ಲಿ ಒಂದು ಆಕಾರ ಬಂದಿದೆ. ಎರಡರಲ್ಲಿ ಹೆಚ್ಚು ಪಕ್ವವಾದದ್ದು ಯಾವುದು ಎಂದು ಕೇಳಿದರೆ ಇದನ್ನೇ ಹೇಳುತ್ತೇನೆ. ಹೆಚ್ಚು ಸಲ ಹಾಕಿಕೊಳ್ಳುವುದು ಯಾವುದು ಎಂದು ಕೇಳಿದರೆ ಮೊದಲಿನದು.

ಅದೇ ವರ್ಷದ ಕೊನೆಗೆ ‘ಐಲ್ ಫೈಂಡ್ ಮೈ ವೇ ಹೋಮ್’ ಸಿಂಗಲ್ ಬಂತು. ಬ್ರಿಟನ್ನಿನಲ್ಲಿ 6ನೇ ಸ್ಥಾನ. ಮೊದಲು ಅಚ್ಚಾದ ಆಲ್ಬಮ್ಮಿನಲ್ಲಿ ಆ ಹಾಡು ಇರಲೇ ಇಲ್ಲ. ಹಾಡು ಗೆದ್ದ ಮೇಲೆ ಅದನ್ನು ಸೇರಿಸಿ ಆಲ್ಬಮ್ಮನ್ನು ಮತ್ತೆ ತಂದರು.

‘ಸ್ಟೇಟ್ ಆಫ್ ಇಂಡಿಪೆಂಡೆನ್ಸ್’ನ ಪ್ರಯಾಣ ಇನ್ನೂ ದೊಡ್ಡದು. ಮೂಲ ಹಾಡಿನಲ್ಲಿ ಡಿಕ್ ಮಾರಿಸ್ಸಿ ಅವರ ಸ್ಯಾಕ್ಸೊಫೋನ್ ಇದೆ. 1982ರಲ್ಲಿ ಕ್ವಿನ್ಸಿ ಜೋನ್ಸ್ ನಿರ್ಮಾಣದಲ್ಲಿ ಡೊನಾ ಸಮ್ಮರ್ ಇದನ್ನು ಹಾಡಿದರು. ಹಿಂದೆ ಕೋರಸ್ ಹಾಡಿದವರ ಪೈಕಿ ಮೈಕೆಲ್ ಜಾಕ್ಸನ್, ಸ್ಟೀವಿ ವಂಡರ್, ಲಯನೆಲ್ ರಿಚಿ, ಡಿಯೋನ್ ವಾರ್ವಿಕ್ ಇದ್ದರು. ಸುಮಾರು ಹತ್ತು ವರ್ಷದ ನಂತರ ‘ಮೂಡ್‌ಸ್ವಿಂಗ್ಸ್’ ತಂಡ ಕ್ರಿಸ್ಸಿ ಹೈಂಡ್ ಅವರ ದನಿಯಲ್ಲಿ ಅದನ್ನೇ ಬೇರೆ ರೂಪಕ್ಕೆ ತಂದಿತು. ಮಾರ್ಬಲ್ ಆರ್ಚ್ ಪಕ್ಕದ ಗೆಳೆತನವೊಂದರಿಂದ ಹುಟ್ಟಿದ, ಅರ್ಥವಿಲ್ಲದ ಸೊಲ್ಲಿನ ಹಾಡು ಅಷ್ಟು ದೂರ ನಡೆಯಿತು.

1983ರ ‘ಪ್ರೈವೇಟ್ ಕಲೆಕ್ಷನ್’ ಮೂರನೆಯದು. ಅದರ ‘ಹೊರೈಜನ್’ ಸುಮಾರು 23 ನಿಮಿಷ. ಯೆಸ್ ಕಾಲದ ಉದ್ದದ ಹಸಿವು ಆಂಡರ್ಸನ್ ಅವರಿಗೆ ಮತ್ತೆ ಬಂದಿತ್ತು ಅಂತ ಕಾಣುತ್ತದೆ. ಅದೇ ವರ್ಷ ಅವರು ಯೆಸ್‌ಗೆ ಮರಳಿ ‘90125’ ಆಲ್ಬಂನಲ್ಲಿ ಹಾಡಿದರು. ಅದನ್ನು ನಿರ್ಮಿಸಿದವರು ಟ್ರೆವರ್ ಹಾರ್ನ್, ಮೂರು ವರ್ಷದ ಹಿಂದೆ ಅವರ ಜಾಗದಲ್ಲಿ ಹಾಡಿದವರೇ. ‘ಓನರ್ ಆಫ್ ಎ ಲೋನ್ಲಿ ಹಾರ್ಟ್’ 1984ರ ಜನವರಿಯಲ್ಲಿ ಅಮೆರಿಕದಲ್ಲಿ ಮೊದಲ ಸ್ಥಾನಕ್ಕೆ ಹೋಯಿತು. ಆ ಹೊತ್ತಿಗೆ ವ್ಯಾಂಗೆಲಿಸ್ ಅವರ ಕೈಯಲ್ಲಿ ‘ಚಾರಿಯಟ್ಸ್ ಆಫ್ ಫೈರ್’ ಸಂಗೀತಕ್ಕೆ ಬಂದ ಆಸ್ಕರ್ ಇತ್ತು. ಇಬ್ಬರೂ ತಮ್ಮ ತಮ್ಮ ದಾರಿಯಲ್ಲಿ ಎತ್ತರಕ್ಕೆ ಹೋಗಿದ್ದರು. ಜೋಡಿಯಾಗಿ ಕೂರಲು ಸಮಯ ಸಿಗುವುದು ಕಷ್ಟವಾಯಿತು.

ನಾಲ್ಕನೆಯ ಆಲ್ಬಂ ‘ಪೇಜ್ ಆಫ್ ಲೈಫ್’ ಬಂದದ್ದು 1991ರಲ್ಲಿ. ನನ್ನ ಮಟ್ಟಿಗೆ ಈ ಪ್ರಕರಣದ ಮುಖ್ಯ ಸುಳಿವು ಇಲ್ಲಿದೆ. 1998ರಲ್ಲಿ ಅಮೆರಿಕದಲ್ಲಿ ಬಂದ ಆವೃತ್ತಿಯಲ್ಲಿ ಹಾಡುಗಳ ಪಟ್ಟಿಯೇ ಬದಲಾಗಿದೆ. ಒಂದೇ ಹೆಸರಿನ ಆಲ್ಬಂ, ಎರಡು ರೂಪ. ಮೊದಲ ಆಲ್ಬಂನಲ್ಲಿ ಹಾಡು ಟೇಪಿಗೆ ಬಿದ್ದ ಕೂಡಲೇ ಮುಗಿಯುತ್ತಿತ್ತು. ಕೊನೆಯ ಆಲ್ಬಂ ಹೊರಬಂದು ಏಳು ವರ್ಷವಾದರೂ ಮುಗಿದಿರಲಿಲ್ಲ. ಅದರಲ್ಲಿ ಚೆಂದದ ಹಾಡುಗಳಿವೆ, ಆದರೆ ಆ ಕೋಣೆಯ ಗಾಳಿ ಇಲ್ಲ.

ಆಮೇಲೆ ಈ ಜೋಡಿಯ ಹೊಸ ಆಲ್ಬಂ ಬರಲಿಲ್ಲ. 2022ರ ಮೇ 17ರಂದು ವ್ಯಾಂಗೆಲಿಸ್ ಪ್ಯಾರಿಸ್ಸಿನಲ್ಲಿ ತೀರಿಕೊಂಡರು. ಆಗ ಅವರಿಗೆ 79 ವರ್ಷ.

ಈ ಇಬ್ಬರನ್ನು ಮೊದಲ ಸಲ ಕೇಳುವವರಿಗೆ ಒಂದು ಕ್ರಮ ಹೇಳುತ್ತೇನೆ. ಮೊದಲು ‘ಕ್ಲೋಸ್ ಟು ದಿ ಎಡ್ಜ್’ನ ಮೊದಲ ಐದು ನಿಮಿಷ ಕೇಳಿ. ಎಲ್ಲರೂ ಒಟ್ಟಿಗೆ ಓಡುತ್ತಿರುವಾಗ ದನಿ ಹೇಗೆ ಒಳಗೆ ಬರುತ್ತದೆ ಎಂದು ಗಮನಿಸಿ. ಆಮೇಲೆ ‘ಸೋ ಲಾಂಗ್ ಅಗೋ, ಸೋ ಕ್ಲಿಯರ್’. ಕೊನೆಗೆ ‘ಐ ಹಿಯರ್ ಯೂ ನೌ’. ಹೆಡ್‌ಫೋನ್ ಇದ್ದರೆ ಒಳ್ಳೆಯದು. ಎಲೆಕ್ಟ್ರಾನಿಕ್ ತಾಳ ಒಂದೇ ನಡಿಗೆಯಲ್ಲಿ ಸಾಗುತ್ತಿರುತ್ತದೆ, ದನಿ ಅದರ ಮೇಲೆ ಅವಸರವಿಲ್ಲದೆ ಬರುತ್ತದೆ. ಹಾಡಿನ ಹೆಸರಿನ ಅರ್ಥ ‘ಈಗ ನೀನು ನನಗೆ ಕೇಳಿಸುತ್ತಿದ್ದೀಯ’ ಅಂತ. ಅದನ್ನು ಪ್ರೇಮದ ಹಾಡಾಗಿ ಕೇಳಬಹುದು, ಬಹಳ ಜನ ಹಾಗೇ ಕೇಳಿದ್ದಾರೆ. ನನಗಂತೂ ಪ್ರತಿ ಸಲ ಮೈಕ್ ಮುಂದೆ ನಿಂತ ಗಾಯಕ ಕೀಬೋರ್ಡಿನ ಮುಂದೆ ಕೂತ ಗೆಳೆಯನಿಗೆ ಹೇಳುತ್ತಿರುವ ಹಾಗೆ ಕೇಳಿಸುತ್ತದೆ.